ನಮ್ಮ ಸೈಕಲ್ಲಿನ ಸೀಟು ಎಷ್ಟು ಅಗಲವಿರಬೇಕು?

(ಹೈದರಾಬಾದಿನಲ್ಲಿ ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಸಲದ ಕೂಟದಲ್ಲಿ ಕೆಲಸಗಾರರ ಆರೋಗ್ಯದ ಮೇಲೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ನಮಗೆ ಅಪ್ಪಣೆ ಮಾಡಿದ್ದಾರೆ. ನಾವು ವೈದ್ಯರಲ್ಲ, ವಿದ್ವಾಂಸರೂ ಅಲ್ಲ. ಹೋಟೆಲಿನ ಒಲೆಯ ಮುಂದೆ ನಿಂತು ತಲೆ ನರೆಸಿಕೊಂಡವರು. ನಮಗೆ ಗೊತ್ತಿರುವುದು ಎರಡೇ: ದೋಸೆಯ ಹಂಚು ಒಂದು, ಸೈಕಲ್ ಇನ್ನೊಂದು. ಹಂಚಿನ ವಿಷಯ ನಿಮ್ಮ ಮುಂದೆ ಹೇಳುವುದು ಸಮುದ್ರಕ್ಕೆ ಉಪ್ಪು ಹೊತ್ತ ಹಾಗೆ. ಆದುದರಿಂದ ಸೈಕಲ್ಲಿನ ಬಗ್ಗೆ, ಅದರಲ್ಲೂ ಸೈಕಲ್ಲಿನ ಸೀಟಿನ ಬಗ್ಗೆ ಮಾತಾಡುತ್ತೇವೆ. ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದೀರಿ. ನಗಿರಿ. ಈ ವಿಷಯವನ್ನು ಯಾರೂ ಬಾಯಿಬಿಟ್ಟು ಆಡದೆ ಇರುವುದಕ್ಕೆ ಆ ನಗೆಯೇ ಅರ್ಧ ಕಾರಣ.

ನಮ್ಮಲ್ಲಿ ಸೈಕಲ್ ತುಳಿಯುವವರು ಷೋಕಿಗೆ ತುಳಿಯುವವರಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹಚ್ಚಬೇಕಾದವನಿಗೆ ಮೆಟ್ರೋ ರೈಲು ಇನ್ನೂ ಕಣ್ಣು ಬಿಟ್ಟಿರುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬರುವ ಮಿಲ್ಲಿನವನಿಗೆ ಬಸ್ಸು ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಇಲ್ಲ. 2023ರ ಡಿಸೆಂಬರಿನಿಂದ ಹೆಂಗಸರಿಗೆ ಬಸ್ಸಿನಲ್ಲಿ ಟಿಕೇಟಿಲ್ಲ, ಅದು ಒಳ್ಳೆಯದೇ ಆಯಿತು. ಗಂಡಸರು ಕೊಟ್ಟೇ ಹೋಗಬೇಕು. ಆಟೋಕ್ಕೆ ಕೊಟ್ಟರೆ ಆ ದಿನದ ಕೂಲಿಯಲ್ಲಿ ಎಷ್ಟು ಉಳಿಯುತ್ತದೆ ಎಂಬ ಲೆಕ್ಕ ನಿಮಗೇ ಗೊತ್ತು. ಸೈಕಲ್ ಇದ್ದವನು ಊರಿಗೆ ನಾಲ್ಕು ಕಾಸು ಹೆಚ್ಚು ಕಳಿಸುತ್ತಾನೆ. ಹೀಗಿರುವಾಗ, ಸೀಟಿನ ದೆಸೆಯಿಂದ ಒಬ್ಬನು ಸೈಕಲ್ ಬಿಟ್ಟನೆಂದರೆ ಅದು ಅವನ ಮನೆಯ ಒಲೆಗೇ ತಾಗುವ ಮಾತು.

ಹಾಗೆ ಬಿಡಲು ಹೊರಟಿದ್ದ ಒಬ್ಬ ಹುಡುಗನ ಕಥೆ ಹೇಳುತ್ತೇವೆ. ಬೀದರ ಕಡೆಯವನು. ಹೆಸರು ಬೇಡ. ಇಲ್ಲೇ ಕೂತಿದ್ದಾನೆ, ನೆಟ್ಟಗೆ ಕೂತಿದ್ದಾನೆ ಎಂಬುದೇ ನಮ್ಮ ಮಾತಿಗೆ ಸಾಕ್ಷಿ.

ಟೋಲಿಚೌಕಿಯಲ್ಲಿ ಅವನ ಕೋಣೆ, ನಾನಕ್‌ರಾಮ್‌ಗುಡದ ಕಡೆ ಒಂದು ಕ್ಯಾಂಟೀನಿನಲ್ಲಿ ಕೆಲಸ. ಅಲ್ಲಿ ಹೊರವರ್ತುಲ ರಸ್ತೆಯ ಮಗ್ಗುಲಿಗೆ 2023ರ ಅಕ್ಟೋಬರ್ 1ರಂದು ಒಂದು ಸೈಕಲ್ ದಾರಿ ತೆರೆದರು. ಉದ್ದ 23 ಕಿಲೋಮೀಟರ್. ತಲೆಯ ಮೇಲೆ ಸೌರ ಫಲಕಗಳ ಚಪ್ಪರ, ಅದರಿಂದ ವಿದ್ಯುತ್ತೂ ಬರುತ್ತದೆ, ನೆರಳೂ ಬೀಳುತ್ತದೆ. ಬೆಳಿಗ್ಗೆ ಅಲ್ಲಿ ನಿಂತು ನೋಡಿದರೆ ಕಂಪ್ಯೂಟರ್ ಕಂಪನಿಗಳ ಹುಡುಗರು ಬೆಲೆಬಾಳುವ ರೋಡ್ ಬೈಕುಗಳ ಮೇಲೆ ಬಗ್ಗಿಕೊಂಡು ಬಾಣದಂತೆ ಹೋಗುತ್ತಿರುತ್ತಾರೆ. ಅವರಲ್ಲೊಬ್ಬರು ಹೊಸದು ಕೊಂಡು, ಹಳೆಯದನ್ನು ನಮ್ಮ ಹುಡುಗನಿಗೆ ಅಗ್ಗವಾಗಿ ಕೊಟ್ಟರು. ಟಗರಿನ ಕೊಂಬಿನಂತೆ ಕೆಳಗೆ ಬಾಗಿದ ಹ್ಯಾಂಡಲು, ಬೆರಳಿನಷ್ಟು ತೆಳುವಾದ ಟಾಯರು, ಒಂದೇ ಕೈಯಲ್ಲಿ ಎತ್ತಬಹುದಾದ ಹಗುರ. ಹುಡುಗನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮೂರು ತಿಂಗಳ ಮೇಲೆ ಒಂದು ರಾತ್ರಿ ನಮ್ಮ ಹತ್ತಿರ ಬಂದ.

'ಕಾಕಾ, ಸೈಕಲ್ ಮಾರಿಬಿಡ್ತೀನ್ರಿ.'

'ಯಾಕಲೇ, ಚಲೋ ಸೈಕಲ್ ಅದಲ್ಲ?'

'ಕುಂದರಲಿಕ್ಕೆ ಆಗಂಗಿಲ್ರಿ. ಜೋಮು ಹಿಡೀತದ.'

'ಎಲ್ಲಿ?'

ನೆಲ ನೋಡಿದ. ಉತ್ತರವಿಲ್ಲ. ನಮಗೆ ಅರ್ಥವಾಯಿತು, ಯಾಕೆಂದರೆ ಒಂದು ಕಾಲದಲ್ಲಿ ನಾವೂ ಹಾಗೆಯೇ ನೆಲ ನೋಡಿದವರು. ಊರಿನಲ್ಲಿ ಅವನಿಗೆ ಹೆಣ್ಣು ನೋಡುತ್ತಿದ್ದರು. ಮುಂದೆ ಏನು ಗತಿಯೋ ಎಂಬ ಅಂಜಿಕೆ ಹೊಟ್ಟೆಯೊಳಗೆ ಇಟ್ಟುಕೊಂಡು ಮೂರು ತಿಂಗಳು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ತನಗೆ ತಿಳಿದ ಉಪಾಯವನ್ನೆಲ್ಲ ಮಾಡಿದ್ದ. ಸೈಕಲ್ಲಿನ ಸಂಗಡ ಬಂದ ಸೀಟು ಕಲ್ಲಿನಂತಿತ್ತು, ಸಪೂರವೂ ಆಗಿತ್ತು. ಅದರ ಮೇಲೆ ಮೆತ್ತನೆಯ ಜೆಲ್ ಕವರು ತೊಡಿಸಿದ. ಜೋಮು ಹೆಚ್ಚಾಯಿತು. ಅಂಗಡಿಯವನ ಮಾತು ಕೇಳಿ ಅಗಲವಾದ, ದಿಂಬಿನಂತಹ ಸೀಟೊಂದನ್ನು ಹಾಕಿಸಿದ. ಒಂದೆರಡು ದಿನ ಅರಮನೆಯ ಸುಖ. ಮೂರನೆಯ ದಿನ ಎರಡೂ ತೊಡೆಗಳ ಒಳಮಗ್ಗುಲು ಕಿತ್ತು ಕೆಂಪಾಯಿತು, ಜೋಮು ಮಾತ್ರ ಬಿಡಲಿಲ್ಲ.

ಬಂಧುಗಳೇ, ಕಷ್ಟ ಇರುವುದು ಇಲ್ಲಿಯೇ. ಸೀಟು ನೋಯಿಸಿದರೆ ನಮಗೆಲ್ಲ ಮೊದಲು ತೋಚುವುದು ಮೆತ್ತಗಿನದು ಬೇಕು ಎಂದು. ಎರಡನೆಯದು, ಅಗಲವಾದದ್ದು ಬೇಕು ಎಂದು. ಎರಡೂ ಅರ್ಧ ಸುಳ್ಳು. ಸೀಟು ನಮ್ಮ ಮೂಳೆಯ ಅಳತೆಗೆ ಸರಿಯಾಗಿರಬೇಕು, ಅಷ್ಟೇ. ಚಪ್ಪಲಿ ಕೊಳ್ಳುವಾಗ ಕಾಲು ಅಳೆಯುತ್ತೇವೆ, ಅಂಗಿ ಹೊಲಿಸುವಾಗ ಎದೆ ಅಳೆಯುತ್ತೇವೆ. ಜೀವಮಾನವಿಡೀ ಕೂರುವ ಸೀಟಿಗೆ ಯಾರೂ ಅಳತೆ ಕೊಡುವುದಿಲ್ಲ.

ಗಟ್ಟಿ ಬೆಂಚಿನ ಮೇಲೆ ಕೂತು ಕೈಗಳನ್ನು ಅಡಿಗೆ ಇಟ್ಟು ನೋಡಿರಿ. ಎರಡು ಮೂಳೆಗಳ ಗುಬ್ಬಿ ಕೈಗೆ ಒತ್ತುತ್ತದೆ. ವೈದ್ಯರು ಅದಕ್ಕೊಂದು ಉದ್ದ ಹೆಸರಿಟ್ಟಿದ್ದಾರೆ. ನಾವು ಕೂರುವ ಮೂಳೆ ಎನ್ನೋಣ. ದೇವರು ನಮ್ಮನ್ನು ಕೂರಿಸಿರುವುದು ಆ ಎರಡು ಮೂಳೆಗಳ ಮೇಲೆ. ಅವು ಭಾರ ಹೊರಬಲ್ಲವು. ಅವೆರಡರ ನಡುವಿನ ಮೆತ್ತನೆಯ ಜಾಗ ಮಾತ್ರ ಭಾರ ಹೊರಲಾರದು. ಮರ್ಮಾಂಗಕ್ಕೆ ಹೋಗುವ ನರವೂ ರಕ್ತನಾಳವೂ ಅಲ್ಲಿಯೇ ಹಾಯ್ದು ಹೋಗುತ್ತವೆ. ಸೀಟು ಸಪೂರವಾದರೆ ಮೂಳೆಗಳು ಅದರ ಎರಡೂ ಅಂಚಿನಿಂದ ಜಾರಿ, ಮೈಭಾರವೆಲ್ಲ ನಡುವಿನ ಮೆತ್ತನೆಯ ಜಾಗದ ಮೇಲೆ ಬೀಳುತ್ತದೆ. ನರ ಅದುಮಿಕೊಂಡಾಗ ಜೋಮು ಬರುತ್ತದೆ. ಕಾಲ ಮೇಲೆ ಕಾಲು ಹಾಕಿ ಬಹಳ ಹೊತ್ತು ಕೂತರೆ ಕಾಲು ಮರಗಟ್ಟುತ್ತದಲ್ಲ, ಹಾಗೆಯೇ.

ಮತ್ತೆ ಮೆತ್ತನೆಯ ಸೀಟು ಯಾಕೆ ಕೆಡಿಸುತ್ತದೆ? ಪೂರಿ ಹಿಟ್ಟಿನ ಉಂಡೆಯ ಮೇಲೆ ಎರಡು ಹೆಬ್ಬೆರಳು ಒತ್ತಿ ನೋಡಿರಿ. ಒತ್ತಿದ ಕಡೆ ಗುಳಿ ಬೀಳುತ್ತದೆ, ನಡುವೆ ದಿಬ್ಬ ಏಳುತ್ತದೆ. ಮೆತ್ತನೆಯ ಸೀಟಿನ ಮೇಲೆ ಕೂತಾಗ ಮೂಳೆಗಳೇ ಆ ಹೆಬ್ಬೆರಳುಗಳು. ಅವು ಇಳಿದಷ್ಟೂ ನಡುವಿನ ದಿಬ್ಬ ಎದ್ದು, ಒತ್ತಬಾರದ ಜಾಗವನ್ನು ಒತ್ತುತ್ತದೆ. ಅಂಗಡಿಯಲ್ಲಿ ಬೆರಳಿನಿಂದ ಅದುಮಿ 'ಆಹಾ, ಎಷ್ಟು ಮೆತ್ತಗಿದೆ' ಎಂದು ಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಿರಿ. ಎರಡು ಫರ್ಲಾಂಗು ದೂರದ ಅಂಗಡಿಗೆ ಹೋಗಿ ಬರುವವನಿಗೆ ಮೆತ್ತನೆಯದು ನಡೆದೀತು. ದಿನಾ ಇಪ್ಪತ್ತು ಕಿಲೋಮೀಟರ್ ತುಳಿಯುವವನಿಗೆ ತಕ್ಕಮಟ್ಟಿಗೆ ಗಟ್ಟಿಯಾದದ್ದೇ ಲೇಸು.

ಹುಡುಗನನ್ನು ಮರುದಿನ ಕ್ಯಾಂಟೀನಿನ ಉಗ್ರಾಣಕ್ಕೆ ಕರೆದುಕೊಂಡು ಹೋದೆವು. ಎಣ್ಣೆ ಪಾಕೀಟುಗಳು ಬರುವ ರಟ್ಟಿನ ಪೆಟ್ಟಿಗೆಯಿಂದ ಒಂದು ತುಂಡು ಹರಿದೆವು. ಎರಡು ಹಾಳೆಗಳ ನಡುವೆ ಅಲೆಯಲೆಯಾದ ಕಾಗದ ಇರುವ ರಟ್ಟು. ಅದನ್ನು ಗಟ್ಟಿ ಮರದ ಸ್ಟೂಲಿನ ಮೇಲೆ ಹಾಸಿದೆವು. ತೆಳುವಾದ ಬಟ್ಟೆಯಲ್ಲಿ ಅವನನ್ನು ಕೂರಿಸಿ, ಮೊಣಕಾಲು ತುಸು ಮೇಲೆ ಬರುವಂತೆ ಕಾಲಡಿಗೆ ಎರಡು ಇಟ್ಟಿಗೆ ಕೊಟ್ಟು, ಸೈಕಲ್ಲಿನ ಮೇಲೆ ಬಗ್ಗುವಷ್ಟೇ ಮುಂದಕ್ಕೆ ಬಗ್ಗು ಎಂದೆವು. ಸ್ಟೂಲಿನ ಅಂಚನ್ನು ಕೈಗಳಿಂದ ಹಿಡಿದು ಮೈಯನ್ನು ಕೆಳಕ್ಕೆ ಎಳೆದುಕೊಂಡು ಇಪ್ಪತ್ತು ಎಣಿಸುವಷ್ಟು ಹೊತ್ತು ಕೂತ. ಎದ್ದ ಮೇಲೆ ರಟ್ಟಿನ ಮೇಲೆ ಎರಡು ಗುಳಿ. ಕಣ್ಣಿಗೆ ಸರಿಯಾಗಿ ಕಾಣದಿದ್ದರೆ ಬೆರಳಾಡಿಸಿದರೆ ಸಿಗುತ್ತವೆ; ಸೀಮೆಸುಣ್ಣವನ್ನು ಅಡ್ಡ ಹಿಡಿದು ಮೆಲ್ಲಗೆ ಉಜ್ಜಿದರೂ ತೋರುತ್ತವೆ. ಒಂದು ಗುಳಿಯ ನಡುವಿನಿಂದ ಇನ್ನೊಂದರ ನಡುವಿಗೆ ದರ್ಜಿಯ ಟೇಪು ಹಿಡಿದೆವು. 12 ಸೆಂಟಿಮೀಟರ್.

ದೊಡ್ಡವರಲ್ಲಿ ಈ ಅಳತೆ ಬಹುಮಟ್ಟಿಗೆ 10ರಿಂದ 14 ಸೆಂಟಿಮೀಟರಿನೊಳಗೆ ಇರುತ್ತದೆ. ಒಂದು ವಿಚಿತ್ರವೇನೆಂದರೆ, ಹೊರಗಿನ ಗಾತ್ರ ನೋಡಿ ಇದನ್ನು ಹೇಳುವ ಹಾಗಿಲ್ಲ. ದಪ್ಪ ಸೊಂಟದ ಭಟ್ಟರಿಗೆ 11 ಇರಬಹುದು, ಒಣಕಲು ಮಾಣಿಗೆ 13 ಇರಬಹುದು. ಮಾಂಸ ಬೇರೆ, ಮೂಳೆ ಬೇರೆ. ಹೆಂಗಸರಲ್ಲಿ ಸಾಮಾನ್ಯವಾಗಿ ತುಸು ಹೆಚ್ಚು. ಆದರೆ ಗಂಡಸಿಗಿಂತ ಕಡಿಮೆ ಇರುವ ಹೆಂಗಸರೂ ಉಂಟು. ಆದುದರಿಂದ 'ಲೇಡೀಸ್ ಸೀಟು' ಎಂಬ ಚೀಟಿ ನೋಡಿ ಕೊಳ್ಳದೆ, ಅಕ್ಕತಂಗಿಯರೂ ಅಳೆದುಕೊಂಡೇ ಕೊಳ್ಳುವುದು ಒಳ್ಳೆಯದು.

12 ಬಂತೆಂದು 12ರ ಸೀಟು ಕೊಳ್ಳತಕ್ಕದ್ದಲ್ಲ. ಸೀಟಿನ ಅಗಲವೆಂದು ಹೇಳುವುದು ಅಂಚಿನಿಂದ ಅಂಚಿಗೆ. ಅಂಚುಗಳು ಕೆಳಕ್ಕೆ ಬಾಗಿರುತ್ತವೆ. ಬಾಗಿದ ಕಡೆ ಮೂಳೆ ಕೂತರೆ ಜಾರಿಯೇ ಜಾರುತ್ತದೆ. ಮೂಳೆ ಸಮತಟ್ಟಾದ ಕಡೆ ಕೂರಬೇಕಾದರೆ ಅಳತೆಗೆ ಸ್ವಲ್ಪ ಸೇರಿಸಬೇಕು. ಎಷ್ಟು ಎಂಬುದು ನಾವು ಹೇಗೆ ಕೂರುತ್ತೇವೆ ಎಂಬುದರ ಮೇಲಿದೆ. ರೋಡ್ ಬೈಕಿನಲ್ಲಿ ಬಗ್ಗಿ ಕೂರುವವನಿಗೆ ಸುಮಾರು 2 ಸೆಂಟಿಮೀಟರ್ ಸಾಕು. ನೆಟ್ಟಗೆ ಕೂರುವವನಿಗೆ 3, 4, ಕೆಲವು ವೇಳೆ ಅದಕ್ಕಿಂತಲೂ ಹೆಚ್ಚು ಬೇಕಾಗುತ್ತದೆ. ಕಾರಣವಿಷ್ಟೆ: ಬಗ್ಗಿದಾಗ ಸೊಂಟದ ಕಟ್ಟು ಮುಂದಕ್ಕೆ ಉರುಳುತ್ತದೆ, ಭಾರ ಮೂಳೆಯ ಮುಂದಿನ ಭಾಗಕ್ಕೆ ಬರುತ್ತದೆ, ಅಲ್ಲಿ ಎರಡೂ ಮೂಳೆಗಳು ಒಂದಕ್ಕೊಂದು ಹತ್ತಿರವಾಗುತ್ತಾ ಹೋಗುತ್ತವೆ.

ಇದು ತಿಳಿಯದ್ದರಿಂದಲೇ ನಮ್ಮ ಹಿರಿಯರು ಹುಡುಗರಿಗೆ ಪ್ರೀತಿಯಿಂದ ತಪ್ಪು ಬುದ್ಧಿ ಹೇಳುತ್ತಾರೆ. ಲೋಯರ್ ಟ್ಯಾಂಕ್ ಬಂಡಿನ ಡಿ.ಬಿ.ಆರ್. ಮಿಲ್ಲಿಗೆ ಪಾಳಿಗೆ ಹೋಗುತ್ತಿದ್ದ ಕಾಲದವರು, ಕಲಬುರಗಿಯ ಎಂ.ಎಸ್.ಕೆ. ಮಿಲ್ಲನ್ನು ಕಂಡವರು ನಮ್ಮಲ್ಲಿ ಇದ್ದರು. ಆ ಮಿಲ್ಲುಗಳ ಗೇಟು ಮುಚ್ಚಿ ಬಹಳ ವರ್ಷಗಳಾದವು. ಅವರ ಸೈಕಲ್ಲೆಂದರೆ ಕಪ್ಪು ಬಣ್ಣದ ಹರ್ಕ್ಯುಲಿಸ್, ಹೀರೋ, ಅಟ್ಲಾಸ್. (ಸೋನೆಪತ್ತಿನಲ್ಲಿ 1951ರಲ್ಲಿ ಹುಟ್ಟಿದ ಆ ಅಟ್ಲಾಸಿನವರ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು ಕೆಲಸ ನಿಲ್ಲಿಸಿತು. ಅದು ವಿಶ್ವ ಸೈಕಲ್ ದಿನ. ಕೆಲಸಗಾರರಿಗೆ ಸಿಕ್ಕ ಉಡುಗೊರೆ ನೋಡಿರಿ.) ಆ ಸೈಕಲ್ಲಿನಲ್ಲಿ ಹ್ಯಾಂಡಲು ಎತ್ತರ, ಬೆನ್ನು ಕಂಬದಂತೆ ನೆಟ್ಟಗೆ, ಮೈಭಾರವೆಲ್ಲ ಹಿಂಭಾಗಕ್ಕೆ. ಅದಕ್ಕೆ ಎಂಟು ಅಂಗುಲದ ಆಸುಪಾಸಿನ ಸ್ಪ್ರಿಂಗ್ ಸೀಟು ತಕ್ಕದ್ದೇ. ಅದೇ ಸೀಟನ್ನು ಬಗ್ಗಿ ತುಳಿಯುವ ಸೈಕಲ್ಲಿಗೆ ಹಾಕಿದರೆ ಪ್ರತಿ ಸುತ್ತಿಗೂ ತೊಡೆ ಅದಕ್ಕೆ ಉಜ್ಜುತ್ತದೆ. ನಿಮಿಷಕ್ಕೆ ಎಪ್ಪತ್ತು ಸಲ ತುಳಿದರೆ, ಅರ್ಧ ಗಂಟೆಗೆ ಎರಡು ಸಾವಿರದ ನೂರು ಸಲ. ಚರ್ಮ ಉಳಿದೀತೆ? ಹಾಗೆಂದು ಕಪ್ಪು ಸೈಕಲ್ ತುಳಿಯುವವರು ಅಗಲ ಸೀಟು ಕಿತ್ತು ರೇಸಿನ ಸೀಟು ಹಾಕಿಸಿಕೊಳ್ಳಬೇಡಿರಿ. ಅದು ಇದರ ತಿರುವುಮುರುವು ತಪ್ಪು.

ನಮ್ಮ ಹುಡುಗನ ಲೆಕ್ಕ ಈಗ ಬಿಡಿಸಬಹುದು. ಬೇಕಾದದ್ದು 14 ಸೆಂಟಿಮೀಟರ್ ಇಲ್ಲವೆ ಅದಕ್ಕಿಂತ ತುಸು ಹೆಚ್ಚು. ಸೈಕಲ್ಲಿನ ಜೊತೆಗೆ ಬಂದದ್ದು 13. ಅವನು ದುಡ್ಡು ಕೊಟ್ಟು ಹಾಕಿಸಿದ್ದು 18. ಒಂದು ಸಪೂರ, ಒಂದು ಅಗಲ; ಮೊದಲನೆಯದರಲ್ಲಿ ಇದ್ದ ಕೊರತೆ ಹೆಬ್ಬೆರಳಿನ ಅಗಲಕ್ಕಿಂತಲೂ ಕಡಿಮೆ. ಅಷ್ಟಕ್ಕೆ ಮೂರು ತಿಂಗಳು ನಿದ್ದೆಗೆಟ್ಟಿದ್ದ. ಮುಂದಿನ ಗುರುವಾರ ಟೇಪು ಕಿಸೆಯಲ್ಲಿಟ್ಟುಕೊಂಡು ಜುಮೇರಾತ್ ಬಜಾರಿಗೆ ಹೋಗಿ, ಹಳೆಯ ಸಾಮಾನಿನ ರಾಶಿಯಲ್ಲಿ ಅಳೆದೂ ಅಳೆದೂ 14 ದಾಟಿದ್ದೊಂದನ್ನು ಹುಡುಕಿದೆವು. ನಡುವೆ ಉದ್ದಕ್ಕೆ ಸೀಳಿದ ತೋಡು ಇರುವಂಥದು. ಆ ತೋಡು ಇದ್ದರೆ ಮೆತ್ತನೆಯ ಜಾಗಕ್ಕೆ ಒತ್ತಡ ತಪ್ಪಲು ಅನುಕೂಲ. ಆದರೆ ಅಗಲ ತಪ್ಪಿದ್ದರೆ ತೋಡೂ ಕಾಯುವುದಿಲ್ಲ. ಅಂಗಡಿಯವನು ನಮ್ಮನ್ನು ಹುಚ್ಚರೆಂದೇ ತಿಳಿದ. ಸೀಟಿಗೆ ಟೇಪು ಹಿಡಿಯುವ ಗಿರಾಕಿಯನ್ನು ಅವನು ಕಂಡಿರಲಿಲ್ಲ.

ಸೀಟು ಸರಿಯಾದದ್ದು ಸಿಕ್ಕ ಮೇಲೂ ಅದನ್ನು ಕೂರಿಸುವುದರಲ್ಲಿ ಕೆಡಿಸುವವರುಂಟು. ಎತ್ತರ ಮೊದಲು: ಪೆಡಲು ಕೆಳಗೆ ಬಂದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು, ಸೊಂಟ ವಾಲಬಾರದು. ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತಾನಾಗಿ ತುಸು ಬಗ್ಗುತ್ತದೆ. ಬಹಳ ಎತ್ತರವಾದರೆ ಸೊಂಟ ಆಚೆ ಈಚೆ ಹೊಯ್ದಾಡಿ, ಸರಿಯಾದ ಸೀಟೂ ಉಜ್ಜುತ್ತದೆ. ಆಮೇಲೆ ಮಟ್ಟ. ಗಾರೆ ಮೇಸ್ತ್ರಿಯ ರಸಮಟ್ಟ ಸೀಟಿನ ಮೇಲಿಟ್ಟು ಗುಳ್ಳೆ ನಡುವಿಗೆ ಬರುವಂತೆ ಬಿಗಿಯಿರಿ. ಮೂತಿ ಮೇಲೆದ್ದರೆ ಜೋಮು. ಬಹಳ ತಗ್ಗಿದರೆ ಮುಂದಕ್ಕೆ ಜಾರಿ ಭಾರವೆಲ್ಲ ಅಂಗೈಗೆ. ಹ್ಯಾಂಡಲು ತೀರ ದೂರವೋ ತೀರ ಕೆಳಗೋ ಇದ್ದರೂ ಮೈ ಮುಂದಕ್ಕೆ ಎಳೆದು ಮೂತಿಯ ಮೇಲೆ ಕೂರಿಸುತ್ತದೆ. ಆಗ ಸೀಟನ್ನು ಬೈದು ಫಲವಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಎರಡು ದಿನ ತುಳಿದು ನೋಡಿ, ಆಮೇಲೆ ಇನ್ನೊಂದು. ಎಲ್ಲವನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಗುಣವಾಯಿತೆಂದು ಗೊತ್ತಾಗುವುದಿಲ್ಲ.

ಬಟ್ಟೆಯ ಮಾತನ್ನೂ ಆಡಿಬಿಡುತ್ತೇವೆ. ಪಾತ್ರೆ ತೊಳೆದು ನೆಂದ ಚಡ್ಡಿಯಲ್ಲೇ ಸೈಕಲ್ ಹತ್ತುವವರು ನಮ್ಮಲ್ಲಿ ಬಹಳ. ನೆಂದ ಬಟ್ಟೆ, ಬೆವರಿನ ಉಪ್ಪು, ನಡುವೆ ದಪ್ಪ ಹೊಲಿಗೆಯ ಜೀನ್ಸು. ಇವು ಮೂರೂ ಕೂಡಿದರೆ ಹುಣ್ಣಾಗದೆ ಇರುವುದಿಲ್ಲ. ಒಣ ಬಟ್ಟೆ ಹಾಕಿಕೊಂಡು ಹೊರಡಿರಿ. ಏರಿನಲ್ಲಿ, ಹೊಂಡದಲ್ಲಿ, ಸಿಗ್ನಲ್ಲಿನ ಮುಂಚೆ ಸೀಟಿನಿಂದ ಎದ್ದು ನಾಲ್ಕು ತುಳಿತ ನಿಂತು ತುಳಿಯಿರಿ. ಬಂಡೆಯ ಮೇಲೆ ಕಟ್ಟಿದ ಈ ಊರಿನಲ್ಲಿ ಏರಿಗೆ ಬರವಿಲ್ಲ. ಪಂಜಗುಟ್ಟದಿಂದ ಜುಬಿಲಿ ಹಿಲ್ಸ್ ಚೆಕ್‌ಪೋಸ್ಟಿಗೆ ಹೋಗುವವರಿಗೆ ಕೇಳಿ ನೋಡಿರಿ. ನಿಂತಷ್ಟು ಹೊತ್ತು ನರಕ್ಕೂ ರಕ್ತಕ್ಕೂ ದಾರಿ ಬಿಟ್ಟ ಹಾಗೆ.

ಇಷ್ಟು ಹೇಳಿದ ಮೇಲೆ, ಇದೆಲ್ಲ ಸಣ್ಣ ಮಾತು, ಸಂಘದಲ್ಲಿ ಆಡುವಂಥದಲ್ಲ ಎಂದು ಯಾರಾದರೂ ಎಂದರೆ ನಮ್ಮ ಉತ್ತರ ಹೀಗಿದೆ. ಅಮೆರಿಕದಲ್ಲಿ ಕೆಲಸಗಾರರ ಸುರಕ್ಷತೆ ಮತ್ತು ಆರೋಗ್ಯವನ್ನು ನೋಡಿಕೊಳ್ಳುವ ಸರಕಾರದ ಸಂಶೋಧನಾ ಸಂಸ್ಥೆಯೊಂದು ಉಂಟು. ಸೈಕಲ್ಲಿನ ಮೇಲೆ ಗಸ್ತು ತಿರುಗುವ ಪೊಲೀಸರು ಜೋಮಿನ ದೂರು ಹೇಳಿದಾಗ ಅದು ನಗಲಿಲ್ಲ. ಐದು ಮಹಾನಗರ ಪ್ರದೇಶಗಳ 90 ಮಂದಿ ಪೊಲೀಸರಿಗೆ ಮೂತಿಯೇ ಇಲ್ಲದ ಸೀಟು ಕೊಟ್ಟು ಆರು ತಿಂಗಳು ನೋಡಿ, 2008ರಲ್ಲಿ ವರದಿ ಪ್ರಕಟಿಸಿತು. ಸೈಕಲ್ ತುಳಿಯುವಾಗ ಜೋಮೇ ಬರುವುದಿಲ್ಲ ಎಂದವರು ಮೊದಲು ನೂರಕ್ಕೆ 27 ಮಂದಿ. ಆರು ತಿಂಗಳ ತರುವಾಯ ನೂರಕ್ಕೆ 82. ನೀವೆಲ್ಲ ಮೂತಿಯಿಲ್ಲದ ಸೀಟು ಹುಡುಕಿಕೊಂಡು ಹೋಗಿರೆಂದು ನಾವು ಹೇಳುತ್ತಿಲ್ಲ. ಗದ್ದಲದ ರಸ್ತೆಯಲ್ಲಿ ತೊಡೆಯಿಂದ ಮೂತಿಯನ್ನು ಆನಿಸಿ ಸೈಕಲ್ ತಿರುಗಿಸುವ ಅಭ್ಯಾಸವಿದ್ದವನಿಗೆ ಅದು ಕಷ್ಟವೇ. ಆದರೆ ಅಲ್ಲಿ ಇದನ್ನು ಕೆಲಸದಿಂದ ಬಂದ ಬೇನೆಯೆಂದು ಬರೆದುಕೊಂಡರು. ಒಲೆಯ ಮುಂದೆ ಕೈ ಸುಟ್ಟರೆ ತೋರಿಸುತ್ತೇವೆ, ಮಿಲ್ಲಿನಲ್ಲಿ ಬೆರಳು ಸಿಕ್ಕರೆ ಕೂಗುತ್ತೇವೆ. ಇದನ್ನು ಮಾತ್ರ ಮುಚ್ಚಿಟ್ಟುಕೊಂಡು ಯಾಕೆ ನರಳಬೇಕು?

ಎರಡು ನೋವಿನ ಭೇದ ತಿಳಿದಿರಲಿ. ಹೊಸ ಸೀಟಿನಲ್ಲಿ ಮೊದಲ ಒಂದೆರಡು ವಾರ ಕೂರುವ ಮೂಳೆಗಳ ಹತ್ತಿರ ಜಜ್ಜಿದಂತಹ ನೋವು ಬರುತ್ತದೆ. ಅದಕ್ಕೆ ಹೆದರಬೇಡಿರಿ, ಹೊಸ ಚಪ್ಪಲಿ ಕಚ್ಚಿದ ಹಾಗೆ, ತಾನೇ ಹೋಗುತ್ತದೆ. ಜೋಮು ಹಾಗಲ್ಲ. ಜೋಮು ಬಂದ ಕೂಡಲೇ ಇಳಿಯಬೇಕು, ಸೀಟು ಸರಿಪಡಿಸಬೇಕು. ಇಳಿದು ಗಂಟೆಗಳಾದರೂ ಹೋಗದಿದ್ದರೆ, ಮೂತ್ರಕ್ಕೆ ತೊಂದರೆಯಾದರೆ, ಹುಣ್ಣು ಕೀವುಗಟ್ಟಿದರೆ, ಇ.ಎಸ್.ಐ. ಕಾರ್ಡು ಇದ್ದವರು ಅದನ್ನು ಹಿಡಿದು, ಇಲ್ಲದವರು ಹತ್ತಿರದ ಸರಕಾರಿ ಆಸ್ಪತ್ರೆಗೆ, ಅಂದೇ ಹೋಗಬೇಕು. ಡಾಕ್ಟರ ಮುಂದೆ ನೆಲ ನೋಡಬೇಡಿರಿ. ಸೈಕಲ್ ತುಳಿಯುತ್ತೇನೆ, ಇಂಥ ಜಾಗದಲ್ಲಿ ಹೀಗಾಗುತ್ತದೆ ಎಂದು ನೇರವಾಗಿ ಹೇಳಿರಿ.

ನಮ್ಮ ಹುಡುಗ ಹೊಸ ಸೀಟಿನ ಮೇಲೆ ಎರಡು ವಾರ ಗೊಣಗಿದ. ಮೂರನೆಯ ವಾರ ಮಾತೇ ಎತ್ತಲಿಲ್ಲ. ನಾವೇ ಕೇಳಿದೆವು. 'ಸೀಟಿನ ನೆನಪೇ ಬರಂಗಿಲ್ರಿ ಕಾಕಾ' ಎಂದ. ದಿಂಬಿನಂತಹ ಆ ಹದಿನೆಂಟರ ಸೀಟನ್ನು ಸಂಘಕ್ಕೆ ಕೊಟ್ಟಿದ್ದಾನೆ. ನೆಟ್ಟಗೆ ಕೂತು ತುಳಿಯುವ ಯಾರಿಗಾದರೂ ಅದು ಒಗ್ಗೀತು. ಹಾಗೆ ಕೈಯಿಂದ ಕೈಗೆ ಬಂದ ನಾಲ್ಕು ಸೀಟುಗಳು ಕಚೇರಿಯ ಕಪಾಟಿನಲ್ಲಿವೆ. ಅಳತೆ ಬರೆದು ದಾರದಿಂದ ಕಟ್ಟಿದ್ದೇವೆ. ಬೇಕಾದವರು ಎರಡು ವಾರಕ್ಕೆ ಒಯ್ದು ತುಳಿದು ನೋಡಬಹುದು, ಒಗ್ಗದಿದ್ದರೆ ತಂದಿಡಬೇಕು, ಒಗ್ಗಿದರೆ ತಮ್ಮ ಹಳೆಯದನ್ನು ತಂದಿಡಬೇಕು.

ಚಹಾ ಆಗುವಷ್ಟರಲ್ಲಿ ಹಿಂದಿನ ಕೋಣೆಯಲ್ಲಿ ಸ್ಟೂಲು, ರಟ್ಟು, ಸೀಮೆಸುಣ್ಣ, ಟೇಪು ಇಟ್ಟಿರುತ್ತೇವೆ. ಒಬ್ಬೊಬ್ಬರಾಗಿ ಬನ್ನಿರಿ. ಬಾಗಿಲಿಗೆ ಪರದೆ ಕಟ್ಟಿದ್ದೇವೆ. ಹೆಂಗಸರಿಗೆ ಮಹಡಿಯ ಮೇಲೆ ಬೇರೆ ಏರ್ಪಾಡಿದೆ. ಹಿಂದಿನ ಸಾಲಿನಲ್ಲಿ ನಕ್ಕವರು ಮೊದಲು ಬರಲಿ.